ಹಗೇವಿನಲ್ಲಿ ಇಲ್ಲದ ಎಂಟು ಚೀಲ

ನೀಲಮ್ಮತ್ತಿ, ನೀನು ಜೋಳ ಕದ್ದಿರಲಿಲ್ಲ. ತಪ್ಪಿದ್ದು ನನ್ನ ಲೆಕ್ಕ. ತಪ್ಪಿದೆ ಎಂದು ಅದೇ ದಿನ ಹೊತ್ತು ಮುಳುಗುವುದರೊಳಗೆ ನನಗೆ ಗೊತ್ತಾಗಿತ್ತು. ಗೊತ್ತಾದ ಮೇಲೂ — ಐದು ದಿನ ಬಿಟ್ಟು ನೀನೇ ನನ್ನ ಎದುರು ಕೂತು ಕೇಳಿದಾಗಲೂ — ಸುಳ್ಳು ಹೇಳಿದೆ. ಒಂದೇ ಶಬ್ದದ ಸುಳ್ಳು. ಅದಾಗಿ ಇಪ್ಪತ್ತು ವರ್ಷವಾಯಿತು.

ನಿನಗೆ ಓದು ಬಾರದು. ನಿನ್ನ ಮಗಳು ಕಾಶಿ ಓದಿ ಹೇಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಕಾಶಿ, ನಡುವೆ ನಿಲ್ಲಿಸಬೇಡ. ಸಿಟ್ಟು ಬಂದರೆ ಬರಲಿ, ಬಯ್ಯುವುದನ್ನು ಕೊನೆಗೆ ಇಟ್ಟುಕೋ. ನಿನ್ನ ಅವ್ವನಿಗೆ ನೋವಾಗುತ್ತದೆಂದು ಒಂದಕ್ಷರವನ್ನೂ ನುಂಗಬೇಡ. ನುಂಗುವ ಕೆಲಸವನ್ನು ಇಷ್ಟು ವರ್ಷ ನಾನೊಬ್ಬಳೇ ಚೆನ್ನಾಗಿ ಮಾಡಿದ್ದೇನೆ.

ಜೇವರ್ಗಿಯ ಹೈಸ್ಕೂಲಿನಲ್ಲಿ ಪ್ರತಿ ವರ್ಷ ಹತ್ತನೆಯ ತರಗತಿಗೆ ಶಂಕು ಮತ್ತು ಸಿಲಿಂಡರಿನ ಪಾಠ ಮಾಡುತ್ತೇನೆ, ಅತ್ತಿ. ಪಾದ ಒಂದೇ, ಎತ್ತರ ಒಂದೇ ಇದ್ದರೆ ಶಂಕುವಿನ ಘನಫಲ ಸಿಲಿಂಡರಿನ ಎಷ್ಟರಷ್ಟು ಎಂದು ಕೇಳಿದರೆ ಐವತ್ತು ಮಕ್ಕಳು ಒಟ್ಟಿಗೆ "ಮೂರನೇ ಒಂದು" ಎಂದು ಕೂಗುತ್ತಾರೆ. ಆ ಕೂಗು ಮುಗಿದ ಮೇಲೆ ಒಂದು ದನಿ ತಡವಾಗಿ ಬರುತ್ತದೆ. ಹೆಂಗಸಿನ ದನಿ. ನನ್ನ ಬೆನ್ನ ಹಿಂದಿನ ಬೋರ್ಡಿನ ಕಡೆಯಿಂದ. ಮಕ್ಕಳ ಮುಖ ನೋಡುತ್ತೇನೆ — ಯಾರಿಗೂ ಕೇಳಿಸಿದಂತಿಲ್ಲ. ಸೀಮೆಸುಣ್ಣ ಕೈಯಲ್ಲೇ ನಿಂತುಬಿಡುತ್ತದೆ. "ಟೀಚರ್, ಮುಂದ ಹೇಳ್ರಿ" ಎಂದು ಅವರೇ ನನ್ನನ್ನು ಎಚ್ಚರಿಸಬೇಕು.

ಹಗೇವು ಎಂದರೆ ಏನೆಂದು ಈಗಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿದೆ. ಜೋಳವನ್ನು ವರ್ಷಗಟ್ಟಲೆ ಹುಳು ಬೀಳದ ಹಾಗೆ ಹುಗಿದಿಡಲು ನೆಲದೊಳಗೆ ಅಗೆದ ಕುಣಿ. ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ಬಾಯಿಗೆ ಫರಸಿ ಕಲ್ಲು ಮುಚ್ಚಿ ಮೇಲೆ ಮಣ್ಣು ಮೆತ್ತುತ್ತಾರೆ. ಹೇಳುತ್ತ ಹೇಳುತ್ತ ಬೋರ್ಡಿನ ಮೇಲೆ ಚಿತ್ರವನ್ನೂ ಬರೆಯುತ್ತೇನೆ — ಕೆಳಗೆ ಸಿಲಿಂಡರ್, ಮೇಲೆ ತುದಿ ಕತ್ತರಿಸಿದ ಶಂಕು. ಬರೆದು ಗಡಬಡಿಸಿ ಅಳಿಸುತ್ತೇನೆ. ಯಾಕೆ ಅಳಿಸಿದಿರಿ ಎಂದು ಈತನಕ ಯಾರೂ ಕೇಳಿಲ್ಲ.

ಅದು ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದ ವರ್ಷ. ಕಿಣ್ಣಿ ಸುಲ್ತಾನದ ನಮ್ಮ ಮನೆಯಿಂದ ಆಳಂದದ ಸಾಲಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನೀನು ಅಪ್ಪನ ಅಕ್ಕ, ಗಂಡ ತೀರಿದ ಮೇಲೆ ತವರಿಗೆ ಬಂದವಳು. ಮನೆಯ ಕಾಳುಕಡಿ ಎಲ್ಲ ನಿನ್ನ ಕೈಯಲ್ಲಿತ್ತು. ಮುತ್ಯಾ — ನಿನ್ನಪ್ಪ — ಬದುಕಿದ್ದಾಗ ಹಿತ್ತಲ ಹಗೇವನ್ನು ಕಡೆಯ ಸಲ ತುಂಬಿಸಿದ್ದು ನಿನ್ನೊಬ್ಬಳನ್ನೇ ಮಗ್ಗುಲಲ್ಲಿ ನಿಲ್ಲಿಸಿಕೊಂಡು. ಎಷ್ಟು ಚೀಲ ಹಾಕಿದಿರೋ ಯಾರಿಗೂ, ಎಣಿಸದ ನಿನಗೂ, ಗೊತ್ತಿರಲಿಲ್ಲ. "ಕುತ್ತಿಗಿ ತನಕ ತುಂಬ್ಯಾದ" ಎಂದಷ್ಟೇ ನೀನು ಹೇಳುತ್ತಿದ್ದೆ.

ನನ್ನ ಕಥೆ ಬೇರೆ ಇತ್ತು. ಸಾಲಿ ಮುಗಿದ ಕೂಡಲೇ ನನ್ನ ಮದುವೆ ಮಾಡಬೇಕೆಂದು ಅಪ್ಪ ಗಂಡು ಹುಡುಕುತ್ತಿದ್ದ. ಗುಲಬರ್ಗಾದ ಕಾಲೇಜಿನ ಹೆಸರು ತೆಗೆದರೆ ಅವ್ವ ರೊಟ್ಟಿ ತಟ್ಟುವ ಸಪ್ಪಳ ಜೋರು ಮಾಡುತ್ತಿದ್ದಳು. ಅಂಥದರಲ್ಲಿ ಕಣದಲ್ಲಿ ಬಿಳಿಜೋಳದ ರಾಶಿ ಬಿತ್ತು.

ಅಳತೆ ಆಗುವ ತನಕ ರಾಶಿ ಇಷ್ಟಿದೆ ಎಂದು ಬಾಯಿ ಬಿಡಬಾರದು. ಅಳೆಯುವಾಗಲೂ ಮೊದಲನೆಯದಕ್ಕೆ ಒಂದು ಅನ್ನದೆ ಲಾಭ ಅನ್ನುತ್ತಾರೆ. ನಾನೋ — ಹೊಸದಾಗಿ ಶಂಕುವಿನ ಸೂತ್ರ ಕಲಿತವಳು, ತಲೆಯಲ್ಲಿ ಅದೇ ಗುಂಗು. ಒಂದು ಚೀಲ ಜೋಳ ಎಷ್ಟು ಜಾಗ ಹಿಡಿಯುತ್ತದೆಂದು ಮನೆಯ ಮರದ ಪೆಟ್ಟಿಗೆಯಲ್ಲಿ ಸುರಿದು ಮೊದಲೇ ನೋಡಿಟ್ಟುಕೊಂಡಿದ್ದೆ. ರಾಶಿಯ ಸುತ್ತ ಹಗ್ಗ ಹಾಯಿಸಿದೆ, ನೆತ್ತಿಯಿಂದ ಕೋಲು ಚುಚ್ಚಿ ಎತ್ತರ ತೆಗೆದೆ, ಎಲ್ಲರೆದುರಿಗೆ ಹೇಳಿಬಿಟ್ಟೆ: ಇಪ್ಪತ್ತನಾಲ್ಕು ಚೀಲ.

"ಹುಚ್ಚಿ, ಅಳತಿಗಿಂತ ಮೊದಲ ಬಾಯಿ ಬಿಡ್ತಾರೇನಬೇ?" ಎಂದು ನೀನು ನನ್ನ ಬಾಯಿಗೆ ಕೈ ಅಡ್ಡ ಹಿಡಿದೆ. ನಿನ್ನ ಅಂಗೈ ಥಣ್ಣಗಿತ್ತು, ಆ ಬಿಸಿಲಿನಲ್ಲಿ.

ಅಳೆದರು. ಇಪ್ಪತ್ತನಾಲ್ಕೇ ಆಯಿತು. ಕಾಕಾ — ಅಪ್ಪನ ತಮ್ಮ — ನನ್ನ ಬೆನ್ನಿಗೆ ಗುದ್ದಿ ನಕ್ಕ. "ನಂದಾನ ಹಿಸಾಬ ಅಂದ್ರ ಪಕ್ಕಾ ಹಿಸಾಬ!" ಒಂದು ವಾರದೊಳಗೆ ಊರೆಲ್ಲ ಅದೇ ಮಾತು. ಅಪ್ಪ ಆ ವಾರ ಗಂಡಿನ ವಿಚಾರ ಎತ್ತಲಿಲ್ಲ. ಕಟ್ಟೆಯ ಮೇಲೆ ಕೂತು ಯಾರಿಗೋ, "ಕೂಸು ಶಾಣ್ಯಾ ಅದ, ಕಾಲೇಜಿಗಿ ಕಳಸಬೇಕಂತ ಅಂದುಕೊಂಡೇನಿ" ಎಂದದ್ದನ್ನು ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡೆ.

ಅದೇ ಬೇಸಿಗೆಯಲ್ಲಿ ಅಪ್ಪ, ಕಾಕಾ ಬೇರೆಯಾಗಲು ನಿಂತರು. ಹಿತ್ತಲ ಹಗೇವಿನ ಜೋಳ ಸಮಪಾಲು ಆಗಬೇಕೆಂದು ಅದನ್ನು ತೆಗೆಸಿದರು.

ಫರಸಿ ಸರಿಸಿದ ಕೂಡಲೇ ಹುಳಿ ಹುಳಿ ಬಿಸಿ ಉಸಿರು ಮೇಲೆ ಬಂತು. ನೀನು ಎಲ್ಲರನ್ನೂ ಹಿಂದೆ ಸರಿಸಿದೆ. ಕಂದೀಲು ಹಚ್ಚಿ, ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟೆ. ಹಗೇವಿನ ಗಾಳಿ ಕೆಟ್ಟಿದ್ದರೆ ದೀಪ ಆರುತ್ತದೆ, ದೀಪ ಆರಿದಲ್ಲಿ ಮನುಷ್ಯ ಇಳಿಯಬಾರದು — ಇದನ್ನು ನೀನೇ ನನಗೆ ಕಲಿಸಿದ್ದು. ಕಂದೀಲು ಒಂದು ಮೊಳ ಹೋಯಿತು, ಎರಡು ಮೊಳ ಹೋಯಿತು, ಆರಿತು. ಗಾಳಿಯಿಲ್ಲ, ಸಪ್ಪಳವಿಲ್ಲ. ಯಾರೋ ಬೆರಳಲ್ಲಿ ಚಿವುಟಿದ ಹಾಗೆ. ಮೇಲೆಳೆದು ಮತ್ತೆ ಹಚ್ಚಿ ಬಿಟ್ಟೆ. ಮತ್ತೆ ಅಲ್ಲೇ ಆರಿತು, ಅದೇ ಅಳತೆಗೆ. ನಾನು ಹಗ್ಗಕ್ಕೆ ಗಂಟು ಹಾಕಿ ಗುರುತು ಮಾಡಿದೆ. ಮೂರನೆಯ ಸಲವೂ ಗಂಟು ಬಾಯಿಗೆ ಬಂದ ಕೂಡಲೇ ಒಳಗೆ ಕತ್ತಲೆ. ಕಾಣದ ನೀರೊಂದು ಅಲ್ಲಿತನಕ ನಿಂತಂತಿತ್ತು. ಕಾಕಾನೂ ಅವತ್ತು ನಗಲಿಲ್ಲ.

ಮರುದಿನ ದೀಪ ಇನ್ನಷ್ಟು ಕೆಳಗಿಳಿಯಿತು, ಮೂರನೆಯ ದಿನ ಜೋಳದ ಮೇಲೆ ಕೂತು ಉರಿಯಿತು. ಆಳುಗಳು ಇಳಿದರು. ಮೂವತ್ತೊಂದು ಚೀಲ ಜೋಳ ಬಂತು.

"ಇಷ್ಟೇ ಏನು?" ಎಂದ ಕಾಕಾ.

"ಇದ್ದದ್ದು ಬಂತಪ್ಪ. ಹಗೇವು ತನ್ನ ಪಾಲು ತಾ ತಗೋತದ" ಎಂದೆ ನೀನು.

ಆ ಮಾತಿಗೆ ನಾನು ನಕ್ಕೆ, ಅತ್ತಿ. ಗಣಿತದಲ್ಲಿ ಯಾರೂ ತಿನ್ನುವುದಿಲ್ಲ ಎಂದು ಎಲ್ಲರೆದುರು ಹೇಳಿದೆ. ಹದಿನಾರು ವರ್ಷದ ಪೋರಿ, ಎಂಥ ಸೊಕ್ಕು! "ನಾ ಅಳೀತೇನಿ" ಎಂದು ಲಂಗ ಕಟ್ಟಿ ಖಾಲಿ ಹಗೇವಿಗೆ ನಾನೇ ಇಳಿದೆ.

ಒಳಗೆ ನನ್ನ ಉಸಿರು ನನಗೇ ಎರಡೆರಡು ಸಲ ಕೇಳಿಸಿತು. ಎರಡನೆಯದು ನನ್ನದಕ್ಕಿಂತ ನಿಧಾನವಾಗಿತ್ತು. ಗೋಡೆ ಮುಟ್ಟಿದರೆ ಬೆಚ್ಚಗೆ, ಮೈ ಮುಟ್ಟಿದ ಹಾಗೆ. ತಲೆ ಎತ್ತಿದರೆ ಎರಡಡಿ ಅಗಲದ ಆಕಾಶ, ಅದರ ಅಂಚಿಗೆ ನಿನ್ನ ಮುಖ. "ನಂದಾ, ಜಲ್ದಿ ಬಾರಬೇ" ಎಂದು ನೀನು ಮೇಲಿಂದ ಕರೆದೆ. ದನಿ ಮೇಲಿಂದ ಬರಲಿಲ್ಲ. ನನ್ನ ಬೆನ್ನ ಹಿಂದಿನ ಗೋಡೆಯಿಂದ, ಕಿವಿಯ ಹತ್ತಿರದಿಂದ ಬಂತು. ಹೆದರಿಕೆ ಮುಚ್ಚಿಕೊಳ್ಳಲು ಗಟ್ಟಿಯಾಗಿ ಅಡಿ ಎಣಿಸಿದೆ. ನೆಟ್ಟಗಿನ ಗೋಡೆ ಐದಡಿ, ಅಗಲ ಆರಡಿ. ಅಲ್ಲಿಂದ ಮೇಲೆ ಕುತ್ತಿಗೆಯ ತನಕ ಕಿರಿದಾಗುತ್ತ ಹೋಗುವುದು ಮೂರಡಿ. ಅದರ ಮೇಲೆ ಬಾಯಿಯ ತನಕ ನಾಲ್ಕಡಿ ಕುತ್ತಿಗೆ, ಅಲ್ಲಿ ಕಾಳು ತುಂಬುವುದಿಲ್ಲ.

ಮೇಲೆ ಬಂದು ಪಡಸಾಲೆಯ ಫರಸಿಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಮಾಡಿದೆ. ಸಿಲಿಂಡರಿನದು ಬೇರೆ, ದೊಡ್ಡ ಶಂಕುವಿನಲ್ಲಿ ಸಣ್ಣ ಶಂಕು ಕಳೆದದ್ದು ಬೇರೆ. ಎರಡನ್ನೂ ಕೂಡಿಸಿ ಚೀಲಕ್ಕೆ ಭಾಗಿಸಿದೆ. ಮೂವತ್ತೊಂಬತ್ತು ಚೀಲ ಹಿಡಿಯಬೇಕು.

ಆಮೇಲೆ ಕಾಕಾ, ನಿನ್ನ ಕಡೆ ನೋಡದೆ, "ಎಂಟು ಚೀಲ. ಹಿರೋಳ್ಳಿಗಿ ಹೋಗ್ಯಾವ" ಎಂದ. ಹಿಂದಿನ ವರ್ಷ ಕಾಶಿಯ ಬಾಣಂತನಕ್ಕೆಂದು ನೀನು ಹಿರೋಳ್ಳಿಗೆ, ಅವಳ ಗಂಡನ ಮನೆಗೆ, ಗಾಡಿ ಹೂಡಿಸಿಕೊಂಡು ಹೋಗಿದ್ದೆ. ಕೌದಿ, ತೊಟ್ಟಿಲು, ಬೆಲ್ಲದ ಪೆಂಟಿ — ಒಯ್ದದ್ದು ಅಷ್ಟೇ. ನೀನು ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದು, "ಈ ಲಿಂಗದ ಆಣಿ, ಒಂದ ಹಿಡಿ ಜೋಳ ಮುಟ್ಟಿಲ್ಲ" ಎಂದೆ. ಅಪ್ಪ ನನ್ನ ಲೆಕ್ಕದ ಕಡೆ ನೋಡಿದ, ನಿನ್ನ ಕಡೆ ನೋಡಿದ, ಎದ್ದು ಹೊರಗೆ ಹೋದ.

ಸಂಜೆ ಹಿತ್ತಲಿಗೆ ಹೋದೆ. ಆಳುಗಳು ಹಗೇವಿನಿಂದ ಕಿತ್ತು ಎಸೆದ ಕಣಕಿ ಅಲ್ಲಿ ಬಿದ್ದಿತ್ತು. ಜೋಳದ ಒಣ ದಂಟು. ಕಾಳಿಗೆ ಮಣ್ಣಿನ ತಂಪು ತಗಲದಿರಲೆಂದು ಹಗೇವಿನ ಸುತ್ತಲೂ, ತಳಕ್ಕೂ ಒತ್ತಿ ಒತ್ತಿ ಕಟ್ಟಿದ್ದು. ಗೋಡೆಯ ಬಾಗಿಗೆ ಒಗ್ಗಿ ಹಾಗೇ ಬಾಗಿಕೊಂಡಿತ್ತು. ನಾನು ಸುಮ್ಮನೆ ಬೆರಳಿಟ್ಟು ನೋಡಿದೆ. ನಾಲ್ಕು ಬೆರಳು ದಪ್ಪ.

ನಾಲ್ಕು ಬೆರಳು! ಅಷ್ಟರಿಂದ ಏನಾದೀತು ಎಂದು ನಮ್ಮ ಮನೆಯ ಗಂಡಸರಿಗೆ ಅನಿಸಿತ್ತೇನೋ. ಯಾರೂ ಅದರ ಮಾತೇ ಎತ್ತಿರಲಿಲ್ಲ. ನನಗೂ ಹೊಳೆದಿರಲಿಲ್ಲ. ನಾನು ಅಳೆದದ್ದು ಕಣಕಿ ಕಿತ್ತ ಬರಿಯ ಹಗೇವನ್ನು. ಅಲ್ಲೇ ಕೂತು ಮಣ್ಣಿನ ಮೇಲೆ ಕಡ್ಡಿಯಿಂದ ಮತ್ತೆ ಲೆಕ್ಕ ಮಾಡಿದೆ — ಸುತ್ತಲೂ ನಾಲ್ಕು ಬೆರಳು ಕಳೆದು, ತಳದಲ್ಲೂ ಕಳೆದು. ತ್ರಿಜ್ಯ ಸ್ವಲ್ಪ ಇಳಿದರೆ ಘನಫಲ ಎಷ್ಟು ಇಳಿಯುತ್ತದೆಂದು ಆವತ್ತು ತಿಳಿಯಿತು. ಉತ್ತರ ಮೂವತ್ತೊಂದು. ನೀನು ಮುತ್ಯಾನೊಡನೆ ಹಾಕಿದಷ್ಟು ಜೋಳ ಹಾಕಿದ ಹಾಗೆಯೇ ಬಂದಿತ್ತು.

ಎದ್ದು ಒಳಗೆ ಓಡಬೇಕಿತ್ತು. ಪಡಸಾಲೆಗೆ ಹೋಗಿ ಕೂಗಬೇಕಿತ್ತು. ಹೊರಟಿದ್ದೆ ಕೂಡ — ಹಿತ್ತಲ ಬಾಗಿಲ ತನಕ. ಒಳಗೆ ಅಪ್ಪ ಅವ್ವನಿಗೆ ಹೇಳುತ್ತಿದ್ದ: "ಅಕ್ಕ ಇದ್ದಾಳಂತ ಹಿಸಾಬ ಸುಳ್ಳಾಗ್ತದೇನು? ನಂದಾನ ಕಾಲೇಜಿಗಿ ಕಳಸೂದ ಖರೇ." ನಾನು ಬಾಗಿಲಲ್ಲಿ ನಿಂತೆ. ತಿರುಗಿ ಹೋಗಿ ಮಣ್ಣಿನ ಮೇಲಿನ ಅಂಕಿಗಳನ್ನು ಕಾಲಿನಿಂದ ಅಳಿಸಿದೆ. ನಾಳೆ ಹೇಳೋಣ ಎಂದುಕೊಂಡೆ.

ಐದನೆಯ ದಿನ ಮಧ್ಯಾಹ್ನ ನೀನು ನನ್ನ ಹತ್ತಿರ ಬಂದೆ. ಸೀಮೆಸುಣ್ಣ ನೀನೇ ತಂದಿದ್ದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ನಂದಾ, ಇನ್ನೊಮ್ಮಿ ಹಿಸಾಬ ಮಾಡಬೇ. ನಾ ತಗೊಂಡಿಲ್ಲಂತ ನನಗ ಗೊತ್ತದ. ನಿನ್ನ ಹಿಸಾಬ ಸುಳ್ಳಾಗಂಗಿಲ್ಲಂತನೂ ಗೊತ್ತದ. ಎರಡೂ ಹ್ಯಾಂಗ ಖರೇ ಆಗ್ತಾವು?"

ಮಾಡಿದೆ. ಮೊದಲಿನದೇ ಲೆಕ್ಕ, ಮೊದಲಿನದೇ ಅಂಕಿಗಳು. ನೀನು ಒಂದೊಂದು ಅಂಕಿಯನ್ನೂ ಲಿಂಗ ನೋಡುವ ಹಾಗೆ ನೋಡುತ್ತಿದ್ದೆ. ಮೂವತ್ತೊಂಬತ್ತು ಎಂದು ಬರೆದು ಕೈ ಎತ್ತಿದಾಗ ನೀನು ಕೇಳಿದೆ:

"ಕಣಕಿ ಹಿಡದೀ? ಕಣಕಿ ಹಿಡದು ಮಾಡೀ?"

ಮನೆಯಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ, ಅಕ್ಷರ ಬಾರದ ನಿನಗೆ ಹೊಳೆದಿತ್ತು. ಬಾಗಿಲು ನೀನೇ ತೆರೆದಿದ್ದೆ, ಅತ್ತಿ. ನಾನು ಹೊರಗೆ ಬಂದರೆ ಸಾಕಿತ್ತು. ನಾನು ನಿನ್ನ ಮುಖ ನೋಡದೆ —

"ಹೂಂ" ಎಂದೆ.

ನೀನು ಮೂವತ್ತೊಂಬತ್ತರ ಮೇಲೆ ಬೆರಳಾಡಿಸಿದೆ. ಆಮೇಲೆ, ನನಗಲ್ಲ, ಯಾರಿಗೋ ಹೇಳಿದಂತೆ, "ಹಂಗಾರ ನಾನ ತಗೊಂಡಿರಬೇಕು" ಎಂದೆ.

ಆಗಲೂ ನಾನು ಬಾಯಿ ಬಿಡಲಿಲ್ಲ. ಛೀ, ಎಂಥ ಬಾಯಿ ಅದು!

ಆಮೇಲಿನದು ನಿನಗೆ ಎಷ್ಟು ನೆನಪಿದೆಯೋ. ನಡುಮಧ್ಯಾಹ್ನ ಬಿಸಿಲಿನಲ್ಲಿ ಹಗೇವಿನ ಬಾಯಿಗೆ ಮುಖ ಇಟ್ಟು "ಎಲ್ಲಿಟ್ಟೆ? ಎಲ್ಲಿಟ್ಟೆ?" ಎಂದು ಕೇಳುತ್ತಿದ್ದೆ. ಕೇಳಿ, ಕಿವಿ ಕೊಟ್ಟು, ಉತ್ತರ ಬಂದವಳ ಹಾಗೆ ತಲೆ ಆಡಿಸುತ್ತಿದ್ದೆ. ನಿದ್ದೆಯಲ್ಲಿ ಎದ್ದು ಹೋಗಿ ಕದಿಯುತ್ತೇನೆಂದು ಮಲಗುವ ಮುಂಚೆ ನಿನ್ನ ಕಾಲನ್ನು ನೀನೇ ಕಂಬಕ್ಕೆ ಕಟ್ಟಿಕೊಳ್ಳಲು ಹತ್ತಿದೆ. ಒಂದು ದಿನ ಕೊರಳಿನ ಲಿಂಗ ತೆಗೆದು ದೇವರ ಜಗುಲಿಯ ಮೇಲೆ ಇಟ್ಟುಬಿಟ್ಟೆ. ಸುಳ್ಳು ಆಣೆ ಇಟ್ಟವಳ ಕೊರಳಲ್ಲಿ ಅದು ಇರಬಾರದು ಎಂದೆ. ಅವ್ವ ಅತ್ತಳು, ಗಾಳಿ ಹಿಡಿದಿದೆ ಎಂದು ಮಂದಿ ಆಡಿಕೊಂಡರು. ಕಾಕಾ ಹಗೇವಿಗೆ ಮಣ್ಣು ಹಾಕಿಸಿ ಮುಚ್ಚಿಸಿದ. ನೀನು ಆ ಮಣ್ಣಿನ ಮೇಲೆ ಕೂತು ನೆಲಕ್ಕೆ ಕಿವಿ ಇಡುತ್ತಿದ್ದೆ. ಕೊನೆಗೆ ಅಪ್ಪ ನಿನ್ನನ್ನು ಹಿರೋಳ್ಳಿಗೆ, ಕಾಶಿಯ ಮನೆಗೆ ಬಿಟ್ಟುಬಂದ. ಅದೇ ತಿಂಗಳು ನನಗೆ ಗುಲಬರ್ಗಾದ ಕಾಲೇಜಿನಲ್ಲಿ ಸೀಟು ಸಿಕ್ಕಿತು.

ನಾನು ಓದಿದೆ, ಟೀಚರ್ ಆದೆ, ಅಫಜಲಪುರದಲ್ಲಿ ಕೆಲಸ ಮಾಡಿದೆ, ಜೇವರ್ಗಿಗೆ ಬಂದೆ. ಹಿರೋಳ್ಳಿಯ ಮದುವೆ, ಸಾವು-ಮಣ್ಣು ಯಾವುದಕ್ಕೂ ಬರಲಿಲ್ಲ. ರಜೆ ಇಲ್ಲ ಎನ್ನುತ್ತಿದ್ದೆ. ರಜೆ ಇತ್ತು.

ಹೋದ ತಿಂಗಳು ಬಂದೆನಲ್ಲ. ಕಾಶಿ ನನಗೆ ನೀರು ಕೊಟ್ಟು, "ಅವ್ವ ಯಾರ ಗುರ್ತನೂ ಹಿಡ್ಯಂಗಿಲ್ಲ, ನಿನ್ನ ಹಿಡೀತಾಳೋ ಇಲ್ಲೋ" ಎಂದಳು. ನೀನು ಹಿಡಿದೆ. "ಹಿಸಾಬದ ನಂದಾ" ಎಂದೆ. ನಿನ್ನ ಕೊರಳು ಬರಿದಾಗಿತ್ತು. ಕಾಶಿ ಅತ್ತ ಹೋದ ಮೇಲೆ ನಾನು ನಿನ್ನ ಎದುರಿಗೆ ಕೂತು ಎಲ್ಲ ಹೇಳಿದೆ — ಬರಿಯ ಹಗೇವು ಅಳೆದದ್ದು, ಹಿತ್ತಲಲ್ಲಿ ಬೆರಳಿಟ್ಟು ನೋಡಿದ್ದು, ಕಾಲಿನಿಂದ ಅಳಿಸಿದ್ದು, ಎಲ್ಲ. ಫರಸಿಯ ಮೇಲೆ ಹಗೇವಿನ ಚಿತ್ರ ಬರೆದು, ಒಳಗೆ ಕಣಕಿಯ ಗೆರೆ ಎಳೆದು ತೋರಿಸಿದೆ. ಹದಿಮೂರು ವರ್ಷ ಪಾಠ ಮಾಡಿದವಳು ನಾನು. ಅಷ್ಟು ಚೆನ್ನಾಗಿ ಯಾವ ತರಗತಿಗೂ ಬಿಡಿಸಿ ಹೇಳಿಲ್ಲ.

ನೀನು ಚಿತ್ರವನ್ನು ನೋಡಿದೆ. ನಕ್ಕೆ. ಅಂಗೈಯಿಂದ ಕಣಕಿಯ ಗೆರೆಯನ್ನು ಒರೆಸಿದೆ.

"ನೀ ಕಣಕಿ ಹಿಡದಿದ್ದಿ. ನಾ ಕೇಳಿದ್ದೆ, ನೀ ಹೂಂ ಅಂದಿದ್ದಿ. ನನಗ ನೆನಪದ."

"ಸುಳ್ಳ ಹೇಳಿದ್ದೆ ಅತ್ತಿ—"

"ಈಗ ಹೇಳಾಕತ್ತಿ ಸುಳ್ಳ. ನನ್ನ ಸಲುವಾಗಿ ನಿನ್ನ ಹಿಸಾಬ ಯಾಕ ಕೆಡಸ್ಕೋತಿಬೇ?"

ಆಮೇಲೆ ನೀನು ಹೇಳಿದೆ. ಎಂಟು ಚೀಲವನ್ನು ಹೇಗೆ ಒಯ್ದೆ ಎಂದು. ಒಂದೊಂದಾಗಿ, ತಲೆಯ ಮೇಲೆ, ಯಾವ ಹೊಲದ ಬದುವಿನ ಮೇಲೆ ಹಾದು, ಯಾವ ಜಾಲಿಯ ಕೆಳಗೆ ಇಳಿಸಿ ದಣಿವಾರಿಸಿಕೊಂಡು. ಐದನೆಯ ಚೀಲದಾಗ ಕಾಲಿಗೆ ಮುಳ್ಳು ನೆಟ್ಟಿತು ಎಂದು ಹಿಮ್ಮಡಿ ತಿರುಗಿಸಿ ಕಲೆ ತೋರಿಸಿದೆ. ಕಲೆ ಇತ್ತು, ಅತ್ತಿ. ಒಂದು ಚೀಲ ಜೋಳವನ್ನು ನೀನು ಎತ್ತಲೂ ಆರೆ, ಅದು ನನಗೆ ಗೊತ್ತು. ಆದರೂ ನೀನು ಹೇಳುತ್ತಿದ್ದಂತೆ ನನ್ನ ಕಣ್ಣಿಗೆ ಕಾಣತೊಡಗಿತು — ಬದುವಿನ ಮೇಲೆ ನೀನು, ತಲೆಯ ಮೇಲೆ ಚೀಲ. ಒಂದು ಗಳಿಗೆ ನಂಬಿದೆ. ಆ ಗಳಿಗೆ ಎಷ್ಟು ಹಗುರಾಗಿತ್ತು ಎಂದು ಹೇಳಲು ನಾಚಿಕೆಯಾಗುತ್ತದೆ.

"ನಿಮ್ಮಪ್ಪಗ ಹೇಳು, ಮಾಫ್ ಮಾಡು ಅಂತ" ಎಂದೆ ನೀನು, ನಾನು ಏಳುವಾಗ. ಅಪ್ಪ ತೀರಿ ಆರು ವರ್ಷ. ಸೆರಗಿನಿಂದ ನನ್ನ ಕಣ್ಣು ಒರೆಸಿದೆ.

ಬರುವ ಐತವಾರ ಕಿಣ್ಣಿಗೆ ಹೋಗುತ್ತೇನೆ. ಕಾಕಾ ಇನ್ನೂ ಇದ್ದಾನೆ, ಅವ್ವ ಇದ್ದಾಳೆ. ಅಂದು ಪಡಸಾಲೆಯಲ್ಲಿ ಕೂತವರಲ್ಲಿ ಉಳಿದವರನ್ನೆಲ್ಲ ಕರೆಸಿ, ಅವರೆದುರು ನಿಂತು, ನೀಲಮ್ಮ ಕದ್ದಿಲ್ಲ, ಸುಳ್ಳು ಹೇಳಿದವಳು ನಾನು ಎಂದು ಹೇಳುತ್ತೇನೆ. ಉಗುಳಿದರೆ ಉಗುಳಲಿ. ಅದರ ಮುಂದಿನ ಐತವಾರ ಹಿರೋಳ್ಳಿಗೆ ಬರುತ್ತೇನೆ, ಅದರ ಮುಂದಿನದಕ್ಕೂ. ಕಿಣ್ಣಿಯ ಮಂದಿ ನನ್ನ ಮಾತು ನಂಬುತ್ತಾರೆ, ಅತ್ತಿ. ಟೀಚರ್ ಲೆಕ್ಕ ಮಾಡಿ ತೋರಿಸಿದರೆ ಯಾರು ನಂಬುವುದಿಲ್ಲ? ನಂಬದವಳು ನೀನೊಬ್ಬಳೇ.